ಬೀಗ ಹಾಕಿದ ಮನೆಯ ನೀರು

ದೆವ್ವ, ಗಾಳಿ, ಸೋಕು ಅಂದರೆ ನನಗೆ ಮೊದಲಿಂದಲೂ ನಗು. ಸತ್ತವರು ಕಂಡರು ಅಂತ ಯಾರಾದರೂ ಹೇಳಿದರೆ, ಮೊದಲು ಪಿತ್ತಕ್ಕೆ ಕಷಾಯ ಕುಡೀರಿ ಅಂತಿದ್ದವಳು ನಾನು. ಈಗ ಅಷ್ಟು ಜೋರಾಗಿ ಅನ್ನಲ್ಲ. ಯಾಕೆ ಅಂತ ಹೇಳ್ತೀನಿ, ನಂಬೋದು ಬಿಡೋದು ನಿಮಗೆ ಸೇರಿದ್ದು.

ನಾನು ಹುಟ್ಟಿದ್ದು ರಂಗೂನಿನಲ್ಲಿ. ಅಪ್ಪ ಕುಣಿಗಲ್ ಕಡೆಯವರು, ಅಲ್ಲಿ ಅಕ್ಕಿ ಗಿರಣಿಯಲ್ಲಿ ಗುಮಾಸ್ತರು, ಅಮ್ಮ ಬರ್ಮಾದವಳೇ. ಕೆಲಸಕ್ಕೆಂದು ಅಲ್ಲಿಗೆ ಬಂದಿದ್ದ ಗುಬ್ಬಿಯವರೊಬ್ಬರನ್ನು ಮದುವೆಯಾಗಿ ಅವರ ಹಿಂದೆಯೇ ಇಲ್ಲಿಗೆ ಬಂದೆ. ಮಾತು ಕನ್ನಡ, ಮುಖ ಅಮ್ಮನದು, ಪಾಸ್‌ಪೋರ್ಟು ಬರ್ಮಾದ್ದು. ಅತ್ತೆ ಒಂದು ದಿನವೂ ನನ್ನನ್ನು ಸೊಸೆ ಅನ್ನಲಿಲ್ಲ. ‘ರಂಗೂನ್ನೋಳು’ ಅನ್ನೋರು, ಅದೂ ನನಗೆ ಕೇಳಿಸೋ ಹಾಗೆ. ಮನೆಗೆ ಬಂದವರಿಗೆಲ್ಲ ಬೆಲ್ಲದ ಚೂರು ಕೊಟ್ಟು, ನೀರಿನ ತಂಬಿಗೆ ಮುಂದಿಟ್ಟು, “ಎತ್ತಿ ಕುಡೀಬ್ಯಾಡ, ನೆತ್ತಿಗೇರ್ತದೆ, ಕಚ್ಚಿ ಕುಡಿ” ಅನ್ನೋರು. ತಂಬಿಗೆಗೆ ಬಾಯಿಟ್ಟರೆ ಎಂಜಲು ಅಂತ ರಂಪ ಮಾಡೋ ಕಾಲದಲ್ಲಿ ಅಂಥ ಧಾರಾಳ ಅವರದು. ನನಗೆ ಮಾತ್ರ ಆ ಉಪಚಾರ ಇಲ್ಲ. ನನ್ನ ಲೋಟವೇ ಬೇರೆ.

ಯಜಮಾನರು ಹೋದರು. ಆಮೇಲೆ ಅತ್ತೆಯೂ ಹೋದರು. ಬೈಯೋಕಾದರೂ ಒಬ್ಬರು ಇರಬೇಕು ಅಂತ ಆಗ ಗೊತ್ತಾಯಿತು ನೋಡಿ. ಸಾರು ಮಾಡಿ ಉಪ್ಪು ಹೆಚ್ಚಾಯ್ತಾ ಅಂತ ಗೋಡೆಯನ್ನು ಕೇಳ್ತಿದ್ದೆ.

ವರ್ಷಕ್ಕೊಂದು ಸಲ ತುಮಕೂರಿನ ಪೊಲೀಸ್ ಆಫೀಸಿನಲ್ಲಿ, ಈ ದೇಶದಲ್ಲಿ ಇರೋದಕ್ಕೆ ನನ್ನ ಪರ್ಮಿಟ್ಟು ರಿನ್ಯೂ ಮಾಡಿಸಬೇಕಿತ್ತು. ಅರ್ಜಿ ಕೊಟ್ಟ ಮೇಲೆ ಒಬ್ಬ ಪೇದೆ ಮನೆಗೆ ಬಂದು, ನಾನು ಅಲ್ಲೇ ವಾಸ ಇದೀನಾ ಅಂತ ನೋಡಿಕೊಂಡು ಹೋಗ್ತಾನೆ. ಯಾವತ್ತು ಬರ್ತಾನೆ ಅಂತ ಹೇಳಲ್ಲ. ಹಿಂದಿನ ವರ್ಷ ಬೇರೊಬ್ಬ ಪೇದೆ ಬಂದಾಗ ಬೀಗ ಕಂಡು ರಾದ್ಧಾಂತವಾಗಿತ್ತು. “ಇನ್ನೊಂದ್ಸಲ ಹಿಂಗಾದ್ರೆ ನಮ್ಮ ಕೈಲಿ ಏನೂ ಇಲ್ಲಮ್ಮ, ದೇಶ ಬಿಡ್ಬೇಕಾಗ್ತದೆ” ಅಂದಿದ್ದರು ಅಲ್ಲಿನ ಸಾಹೇಬರು. ಬಿಟ್ಟು ಎಲ್ಲಿಗೆ ಹೋಗಲಿ? ರಂಗೂನಿನಲ್ಲಿ ಅಪ್ಪನೂ ಇರಲಿಲ್ಲ, ಅಮ್ಮನೂ ಇರಲಿಲ್ಲ.

ಆ ಸಲ ಹಗಲೆಲ್ಲ ಬಾಗಿಲು ತೆರೆದಿಟ್ಟು ಕಾದೆ. ಯಾರೂ ಬರಲಿಲ್ಲ. ಅಷ್ಟರಲ್ಲಿ ಕುಣಿಗಲ್‌ನಲ್ಲಿದ್ದ ನನ್ನ ಸೋದರತ್ತೆ ಆಸ್ಪತ್ರೆ ಸೇರಿದ್ದಾರೆ ಅಂತ ಸುದ್ದಿ ಬಂತು. ನನ್ನವರು ಅಂತ ಉಳಿದಿದ್ದು ಅವರೊಬ್ಬರೇ. ಬೀಗ ಹಾಕಿ, ಬೀಗದ ಕೈ ಸೆರಗಿಗೆ ಕಟ್ಟಿಕೊಂಡು ಬೆಳಗಿನ ಬಸ್ಸು ಹತ್ತಿದೆ. ಸಂಜೆ ವಾಪಸ್ಸು ಬಂದರೆ ಎದುರು ಮನೆ ಜಯಮ್ಮ, “ಪೊಲೀಸ್ನೋರು ಬಂದಿದ್ರು ಕಣಕ್ಕ, ನಿನ್ ಜಗಲಿ ಮ್ಯಾಲೆ ಕೂತಿದ್ರು” ಅಂದಳು. ಓಡಿಹೋಗಿ ನೋಡಿದೆ. ಬಾಗಿಲಿಗೆ ಹಾಕಿದ್ದ ಬೀಗ ಹಾಗೇ ಇತ್ತು.

ಮಾರನೇ ದಿನ ತುಮಕೂರಿಗೆ ಹೋದೆ, ಕಾಲು ಹಿಡಿಯೋದೊಂದೇ ಬಾಕಿ ಅಂದುಕೊಂಡು. ಮನೆಗೆ ಬಂದಿದ್ದ ಪೇದೆ ನನ್ನ ಕಾಗದ ನೋಡಿ ನಕ್ಕ.

“ಎಲ್ಲಾ ಬರ್ಕೊಟ್ಟಿದೀನಿ ಬುಡಿ ಅಮ್ಮ. ನೀವಿರ್ನಿಲ್ಲ, ಆದ್ರೆ ಮನೇಲಿ ನಿಮ್ಮತ್ತೆ ಇದ್ರಲ್ಲ? ‘ಸೊಸೆ ಕುಣಿಗಲ್ಗೆ ಹೋಗವ್ಳೆ, ಸಂಜೀಕೆ ಬತ್ತಾಳೆ, ಅವ್ಳ ಮನೆ ಇದೇ ಕಣಪ್ಪ’ ಅಂದ್ರು. ಬೆಲ್ಲ ಕೊಟ್ರು, ನೀರು ಕೊಟ್ರು. ಎತ್ತಿ ಕುಡಿಯಕ್ಕೂ ಬುಡ್ನಿಲ್ಲ ಪುಣ್ಯಾತ್ಗಿತ್ತಿ, ನೆತ್ತಿಗೇರ್ತದೆ, ಕಚ್ಚಿ ಕುಡಿ ಅಂದ್ರು.”

ಮುದ್ರೆ ಬಿತ್ತು, ಇನ್ನೊಂದು ವರ್ಷ ಸಿಕ್ಕಿತು. ಈಚೆ ಬಂದು ಬಸ್ ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತು, ನೋಡೋರು ನೋಡಲಿ ಅಂತ ಅತ್ತುಬಿಟ್ಟೆ.

ಜಯಮ್ಮನನ್ನು ಕೇಳಿದೆ, ನೀನೇನಾದರೂ ನೀರು ಕೊಟ್ಟೆಯಾ ಅಂತ. “ಅಯ್ಯೋ, ನಾನ್ಯಾಕೆ ಕೊಡ್ಲಿ? ತಂಬಿಗೆ ಕಚ್ಕಂಡು ಕುಡೀತಾ ಕೂತಿದ್ರು, ನೀನೇ ಒಳಗಿದೀಯ ಅಂದ್ಕಂಡಿದ್ದೆ” ಅಂದಳು. ಪೇದೆ ಸುಳ್ಳು ಹೇಳಿದನಾ? ಹೇಳಿದರೂ ಆ ಮಾತು ಅವನಿಗೆ ಹೇಗೆ ಗೊತ್ತು? ಅವನು ಈ ಕಡೆಗೆ ಹೊಸಬ, ಅತ್ತೆ ತೀರಿಕೊಂಡ ಎಷ್ಟೋ ದಿನದ ಮೇಲೆ ಬಂದವನು. ತಲೆ ಕೆಡಿಸಿಕೊಂಡು ಕೆಡಿಸಿಕೊಂಡು ಸಾಕಾಗಿ ಬಿಟ್ಟಿದ್ದೀನಿ.

ಮುಂದೆ ನನಗೆ ಇಲ್ಲಿಯ ಪೌರತ್ವವೂ ಸಿಕ್ಕಿತು. ಈಗ ಯಾರೂ ವಿಚಾರಿಸೋಕೆ ಬರಲ್ಲ. ಅತ್ತೆ ಅಷ್ಟು ವರ್ಷ ಒಟ್ಟಿಗಿದ್ದು ನನ್ನ ಎದುರಿಗೆ ಸೊಸೆ ಅನ್ನಲಿಲ್ಲ, ಯಾರೋ ದಾರಿಹೋಕನ ಹತ್ತಿರ ಅಂದರಲ್ಲ ಅಂತ ಇವತ್ತಿಗೂ ಸಿಟ್ಟು ಬರ್ತದೆ. ಕಚ್ಚಿ ಕುಡಿ ಅನ್ನೋ ಮಾತನ್ನೂ ಅವರು ನನಗೆ ಹೇಳಿದ್ದಲ್ಲ. ಆದರೂ ಅವತ್ತಿನಿಂದ ನನ್ನ ಲೋಟ ಮುಟ್ಟಿಲ್ಲ. ಅವರ ತಂಬಿಗೆಗೇ ಬಾಯಿಟ್ಟು ಕುಡೀತೀನಿ.