ಯೆರ್ಕೊ ಕೈಗವಸು ಹಾಕಿದ ಬಗೆ

ಯೆರ್ಕೊ ಅರವತ್ತೆಂಟನೆಯ ವಯಸ್ಸಿನವರೆಗೂ ಬರಿಗೈಯಲ್ಲೇ ಕಲ್ಲು ಮುಟ್ಟಿದವನು. ಡಾಲ್ಮೇಶಿಯ ಕರಾವಳಿಯ ನಮ್ಮ ದ್ವೀಪದಲ್ಲಿ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳಲ್ಲಿ ಅರ್ಧದಷ್ಟು ಅವನ ಮನೆತನದವು. ಗವಸು ಹಾಕಿಕೊಂಡು ಗೋಡೆ ಕಟ್ಟುವವನನ್ನು ಇಲ್ಲಿ ‘ಮದುವಣಗಿತ್ತಿ’ ಎಂದು ಆಡಿಕೊಳ್ಳುತ್ತಾರೆ.

ನಮ್ಮ ಪ್ರಯೋಗಾಲಯಕ್ಕೆ ಅವನು ಬೇಕಾದದ್ದು ಕ್ಷುದ್ರಗ್ರಹಗಳ ಕಾರಣಕ್ಕೆ. ಭೂಮಿಯ ದಾರಿಗೆ ಬರುವ ಅಂಥದೊಂದನ್ನು ಬಾಹ್ಯಾಕಾಶ ನೌಕೆಯಿಂದ ಗುದ್ದಿ ಪಕ್ಕಕ್ಕೆ ಸರಿಸಬಹುದು. ಆಗ ಹಿಂದಕ್ಕೆ ಚಿಮ್ಮುವ ಚೂರುಗಳು ಆ ತಳ್ಳುವಿಕೆಯನ್ನು ಹೆಚ್ಚಿಸುತ್ತವೆ. ಎಷ್ಟು ಎಂಬುದೇ ನಮ್ಮ ಪ್ರಶ್ನೆ. ಎಷ್ಟೋ ಕ್ಷುದ್ರಗ್ರಹಗಳು ಒಂದೇ ಬಂಡೆಯಲ್ಲ, ಸಡಿಲ ಕಲ್ಲುರಾಶಿ. ತೂಗುಹಾಕಿದ ತೊಟ್ಟಿಯಲ್ಲಿ ಅಂಥ ರಾಶಿ ಮಾಡಿ, ಅತಿವೇಗದ ಗುಂಡು ಹೊಡೆದು, ತೊಟ್ಟಿ ಎಷ್ಟು ಜೀಕಿತೆಂದು ಅಳೆಯುತ್ತಿದ್ದೆವು. ಕಲ್ಲು ಸುರಿದರೆ ಸಣ್ಣವೆಲ್ಲ ತಳ ಸೇರುತ್ತಿದ್ದವು. ದೊಡ್ಡವೂ ಸಣ್ಣವೂ ಬೆರೆತು ಸಡಿಲವಾಗಿರಲು ಕೈಯಲ್ಲೇ ಒಂದೊಂದಾಗಿ ಇಡಬೇಕಿತ್ತು.

ಯೆರ್ಕೊಗೆ ಮೂರು ಅವಕಾಶ ಕೊಟ್ಟಿದ್ದೆ. ಆಗದಿದ್ದರೆ ಅವನನ್ನು ಕಳುಹಿಸಿ ಗಾಜಿನ ಗೋಲಿಗಳನ್ನು ತರಿಸುವುದೆಂದು ತೀರ್ಮಾನ. ಅವನೋ, ಊರಿನ ಕಾಫಿ ಅಂಗಡಿಯಲ್ಲಿ ಭೂಮಿ ಉಳಿಸುವ ಕೆಲಸ ಸಿಕ್ಕಿದೆಯೆಂದು ಆಗಲೇ ಸಾರಿಬಿಟ್ಟಿದ್ದ.

ಮೊದಲ ಎರಡು ಸಲವೂ ತೊಟ್ಟಿ ಗಟ್ಟಿ ಬಂಡೆಗೆ ಹೊಡೆದಷ್ಟೇ ಜೀಕಿತು. ನಮ್ಮ ತಂತ್ರಜ್ಞೆ ವಿಂಕಾ ರಾಶಿ ಬಿಚ್ಚಿ ನೋಡಿದಳು.

“ದೊಡ್ಡಪ್ಪಾ, ಇದೇನು ಕೋಟೆ ಕಟ್ಟಿದ್ದೀಯ? ಒಂದೊಂದು ಸಂದಿಗೂ ಚಕ್ಕೆ ತುರುಕಿದ್ದೀಯಲ್ಲ!”

“ನಾನೆಲ್ಲೇ ತುರುಕಿದೆ?”

“ಮತ್ತೇನು, ದೆವ್ವ ಬಂದು ಇಟ್ಟೋಯ್ತಾ?”

ಯೆರ್ಕೊ ಬಗ್ಗಿ ನೋಡಿದ. ಮುಖ ಕೆಂಪಾಯಿತು. “ಕೈ ತಾನಾಗೇ ಮಾಡ್ಬಿಟ್ಟಿದೆ ಕಣೆ. ಅಲ್ಲಾಡೋ ಕಲ್ಲು ಸಿಕ್ರೆ ಬೆರಳು ಸುಮ್ನಿರಲ್ಲ.” ಆಮೇಲೆ ನನ್ನತ್ತ ತಿರುಗಿದ. “ಆ ಮೇಲೆ ಆಕಾಶದಲ್ಲಿರೋ ರಾಶೀನ ಯಾರು ಪೇರಿಸಿದ್ದು, ಡಾಕ್ಟ್ರೇ?”

“ಯಾರೂ ಇಲ್ಲ. ಒಡೆದ ಚೂರುಗಳು ತಾವೇ ಮತ್ತೆ ಕೂಡ್ಕೊಂಡಿವೆ.”

“ಯಾರೂ ಕಟ್ಟದ ಗೋಡೆ,” ಎಂದು ಗೊಣಗುತ್ತ ಮನೆಗೆ ಹೋದ.

ಮರುದಿನ ಬೆಳಿಗ್ಗೆ ಅವನ ಕೈಯಲ್ಲಿ ತಂಗಿಯ ಅಡುಗೆಮನೆಯ ಗವಸುಗಳಿದ್ದವು. ಬಿಸಿ ತಟ್ಟೆ ಹಿಡಿಯುವ ದಪ್ಪ ಗವಸು, ಮೇಲೆ ನಿಂಬೆಹಣ್ಣಿನ ಚಿತ್ರ.

“ನಕ್ರೆ ಎದ್ದೋಗ್ತೀನಿ.”

ವಿಂಕಾ ಕಷ್ಟಪಟ್ಟು ನಗದೆ ಉಳಿದಳು. ಯಾವ ಕಲ್ಲು ಅಲ್ಲಾಡುತ್ತಿದೆಯೆಂದು ಬೆರಳಿಗೆ ತಿಳಿಯದಂತೆ ಮಾಡಿಕೊಂಡು ಅವನು ಮಧ್ಯಾಹ್ನದವರೆಗೆ ಕಲ್ಲಿಟ್ಟ. ಗುಂಡು ಹೊಡೆದಾಗ ಚೂರುಗಳು ಕೋಣೆಯ ಗೋಡೆಗಳಿಗೆಲ್ಲ ರಾಚಿದವು. ತೊಟ್ಟಿ ಎರಡು ಪಟ್ಟು ಜೀಕಿತು. ಇನ್ನೂ ಹತ್ತು ರಾಶಿ ಬೇಕೆಂದೆ.

“ಆಗ್ಲಿ. ವರದಿಲಿ ಮಾತ್ರ ಗವಸಿನ ವಿಷ್ಯ ಬರೀಬೇಡಿ.”

“ಅದನ್ನ ನಿಮ್ಮೂರಲ್ಲಿ ಯಾರು ಓದ್ತಾರೆ?”

“ನನ್ನ ಹೆಸರಿದ್ರೆ ಎಲ್ರೂ ಓದ್ತಾರೆ.”

ಬರೆದೆ. ಬರೆಯದಿದ್ದರೆ ಬೇರೆಡೆ ಯಾರಿಗೂ ಅಂಥ ರಾಶಿ ಮಾಡಲಾಗುತ್ತಿರಲಿಲ್ಲ. ಅವನ ಹೆಸರೂ ಗವಸಿನ ದಪ್ಪವೂ ಒಂದೇ ವಾಕ್ಯದಲ್ಲಿವೆ. ನಿಂಬೆಹಣ್ಣನ್ನು ಬಿಟ್ಟೆ.

ಅದು ತಿಳಿದ ಮೇಲೆ ಎರಡು ದಿನ ಅವನು ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ, ಆ ಮೇಲಿನ ರಾಶಿಯ ಹೊಟ್ಟೆಯಲ್ಲಿ ಎಷ್ಟು ಟೊಳ್ಳಿರುತ್ತದೆ ಎಂದು ಕೇಳಿದ. ಸರಿಯಾಗಿ ಗೊತ್ತಿಲ್ಲ ಎಂದೆ. ಗವಸು ತೊಟ್ಟುಕೊಂಡ.