ಪೂಜೆಗಿಟ್ಟ ರೈಫಲ್

ಅಮೆರಿಕದ ಜರ್ಮನ್‌ಟೌನ್‌ನಲ್ಲಿ ನಮ್ಮ ಪಕ್ಕದ ಮನೆಯ ಅಂಕಲ್ ಬಳಿ ಒಂದು ಪಾಯಿಂಟ್ ಟೂ ಟೂ ರೈಫಲ್ ಇತ್ತು. ಅದರ ಬ್ಯಾರೆಲ್, ಮರದ ಹಿಡಿ, ಸ್ಕೋಪ್ ಎಲ್ಲವನ್ನೂ ಒಂದೊಂದಾಗಿ ತರಿಸಿ ಬದಲಾಯಿಸಿದ್ದರು. ಪ್ರತಿ ಸಲವೂ "ಇದೊಂದ್ ಹಾಕಿದ್ರೆ ಮುಗೀತು" ಎನ್ನುತ್ತಿದ್ದರು. ರಜೆಯೆಲ್ಲ ಗರಾಜಿನಲ್ಲೇ ಕಳೆಯುತ್ತಿತ್ತು.

ಹೊಸ ಟ್ರಿಗರ್ ಬಂದ ಮರುದಿನವೇ ಆಯುಧಪೂಜೆ. ನಾನು ಗೊಂಬೆ ನೋಡಲು ಹೋಗುವಷ್ಟರಲ್ಲಿ ಆಂಟಿ ರೈಫಲ್ಲಿಗೂ ಸ್ಕ್ರೂಡ್ರೈವರುಗಳಿಗೂ ಕುಂಕುಮವಿಟ್ಟು ದೇವರ ಮುಂದೆ ಇಟ್ಟುಬಿಟ್ಟಿದ್ದರು.

"ಒಂದೇ ಸ್ಕ್ರೂ ಕಣೇ," ಎಂದರು ಅಂಕಲ್.

"ನಾಳೆವರೆಗೂ ಮುಟ್ಟೋ ಹಾಗಿಲ್ಲ. ಇವತ್ತೊಂದಿನ ನಮ್ ಜೊತೆ ಕೂತ್ಕೊಳ್ಳಿ."

ಅಂಕಲ್ ಕೂತರು, ಎದ್ದರು, ಮತ್ತೆ ಕೂತರು. ಅಂಗಿಯ ಗುಂಡಿಯನ್ನು ತಿರುಗಿಸಿ ತಿರುಗಿಸಿ ಕೊನೆಗೆ ಕಿತ್ತೇಬಿಟ್ಟರು.

"ಸೂಜಿ ಕೊಡು, ನಾನೇ ಹೊಲ್ಕೋತೀನಿ," ಎಂದರು ಆಸೆಯಿಂದ.

"ಅದನ್ನೂ ಪೂಜೆಗಿಟ್ಟಿದೀನಿ," ಎಂದು ಆಂಟಿ ಅವರ ಪಕ್ಕದಲ್ಲಿ ಬಂದು ಕೂತರು.