ಚೀಲದ ತಳಕ್ಕಿಳಿದ ಬಿಳಿ ಚುಕ್ಕೆ

ಬೆಳಕು ಹರಿಯುವ ಮೊದಲೇ ಆಕೆ ಗಾಜಿನ ಪೆಟ್ಟಿಗೆಯ ಮುಂದೆ ನಿಂತಿದ್ದಾರೆ. ಮೂಗು ಬಾಯಿ ಮುಚ್ಚಿದೆ, ಕಾಣುವುದು ಕಣ್ಣು ಮಾತ್ರ. ಆಸ್ಪತ್ರೆಯ ಕೆಳಮಹಡಿಯ ಈ ತಣ್ಣನೆ ಕೋಣೆಯಲ್ಲಿ, ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ ರಕ್ತನಾಳದ ಮೂಲಕ ಕೊಡುವ ಆಹಾರ ತಯಾರಾಗುತ್ತದೆ. ಅದನ್ನು ಆ ಪೆಟ್ಟಿಗೆಯೊಳಗೆ ಬೆರೆಸಿ ಪ್ಲಾಸ್ಟಿಕ್ ಚೀಲಕ್ಕೆ ತುಂಬುವವರು ಇವರು. ಎಲ್ಲರ ಬಾಯಲ್ಲಿ ‘ಚೀಲದಕ್ಕ’. ಹೊರಗಿನ ಫಲಕದಲ್ಲಿ ವೈದ್ಯರ ಹೆಸರೆಲ್ಲ ಇದೆ. ಇವರದನ್ನು ಬರೆಯುವಷ್ಟರಲ್ಲಿ ಬಣ್ಣ ಮುಗಿಯಿತೇನೋ!

ಕೂಸಿನ ಮೂಳೆಗೆ ಕ್ಯಾಲ್ಸಿಯಂ ಬೇಕು, ಫಾಸ್ಫೇಟೂ ಬೇಕು. ಇವೆರಡರ ಲವಣಗಳೂ ಬೇರೆಬೇರೆಯಾಗಿ ನೀರಿನಲ್ಲಿ ಚೆನ್ನಾಗಿ ಕರಗುತ್ತವೆ. ಒಂದೇ ಚೀಲದಲ್ಲಿ ಅಳತೆ ಮೀರಿ ಸೇರಿದವೋ, ಒಂದನ್ನೊಂದು ಹಿಡಿದುಕೊಂಡು ಬಿಳಿ ಪುಡಿಯಾಗಿ ಕೂರುತ್ತವೆ. ಆ ಪುಡಿ ಶ್ವಾಸಕೋಶದ ಕೂದಲೆಳೆಯಂಥ ನಾಳಕ್ಕೆ ಸಿಕ್ಕಿಕೊಂಡರೆ ಕೂಸಿನ ಉಸಿರೇ ನಿಲ್ಲಬಹುದು. ಅದಕ್ಕೇ ಫಾಸ್ಫೇಟ್ ಮೊದಲು, ಕ್ಯಾಲ್ಸಿಯಂ ಕೊನೆಗೆ, ನಡುವೆ ಚೀಲವನ್ನು ಚೆನ್ನಾಗಿ ಅಲುಗಾಡಿಸಬೇಕು.

“ಸಕ್ಕರೆ ಬಿಸಿಗೆ ಕರಗುತ್ತೆ. ಈ ಬಿಳಿ ಪುಡಿ ಹಟಮಾರಿ, ಬಿಸಿಯಾದಷ್ಟೂ ನೀರಿಂದ ಹೊರಗೆ ಬರುತ್ತೆ. ಇಲ್ಲಿ ತಿಳಿಯಾಗಿದ್ದದ್ದು ಮೇಲೆ ವಾರ್ಡಲ್ಲಿ ಏನಾಗುತ್ತೋ ಅಂತ ಜೀವ ಹೊಡ್ಕೊಳ್ಳುತ್ತೆ,” ಎನ್ನುತ್ತಾರೆ. ಮನೆಯಲ್ಲೂ ಕುಡಿಯುವ ಲೋಟವನ್ನು ಬೆಳಕಿಗೆ ಹಿಡಿದು ನೋಡುತ್ತಾರಂತೆ. “ನಾನೇನು ವಿಷ ಹಾಕಿದೀನಾ?” ಎಂದು ಗಂಡನ ಗೇಲಿ.

ಇಂದು ಒಂದು ಕೂಸಿನ ಮೂಳೆ ತೀರಾ ಮೆತ್ತಗಿದೆಯೆಂದು ವೈದ್ಯರು ಎರಡೂ ಲವಣ ಹೆಚ್ಚಿಸಿದ್ದಾರೆ. ಚೀಲ ತಿಳಿಯಾಗಿಯೇ ಮೇಲೆ ಹೋಗಿದೆ. ಆದರೂ ಅಕ್ಕನಿಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಬಿಳಿ ಕಣವಿದ್ದರೆ ಎದ್ದು ಕಾಣಲೆಂದು ಕಪ್ಪು ರಟ್ಟು ಹಿಡಿದು ಮೆಟ್ಟಿಲು ಹತ್ತುತ್ತಾರೆ.

“ಬಂದ್ರಾ? ಅತ್ತೆ ಬಂದು ಅಡುಗೆಮನೆಗೆ ಇಣುಕಿದ ಹಾಗೆ!” ನರ್ಸ್ ನಗುತ್ತಾಳೆ. ಅವಳ ಕೈಯಲ್ಲಿ ಕೊಳವೆಯ ತುದಿ.

“ಜೋಡಿಸಬೇಡ, ತಾಳು.”

ಬೆಚ್ಚನೆ ವಾರ್ಡಿನಲ್ಲಿ ತೂಗುತ್ತಿರುವ ಚೀಲದ ಹಿಂದೆ ರಟ್ಟು ಹಿಡಿಯುತ್ತಾರೆ. ಒಂದು ಬಿಳಿ ಚುಕ್ಕೆ.

“ಗುಳ್ಳೆ ಇರ್ಬೇಕು, ಬಿಡಕ್ಕಾ.”

“ಗುಳ್ಳೆಯಾದ್ರೆ ಮೇಲೇಳ್ಬೇಕಲ್ಲೇ? ಇದು ಇಳೀತಿದೆ.”

ಚೀಲ ಬಿಚ್ಚಿಕೊಂಡು ಹೊರಟರೆ ಬಾಗಿಲಲ್ಲಿ ಕೂಸಿನ ತಾಯಿ ಅಡ್ಡ ನಿಲ್ಲುತ್ತಾಳೆ. “ನನ್ನ ಮಗೂದು ಎಲ್ಲಿಗೆ ಹೊತ್ಕೊಂಡು ಹೋಗ್ತೀರಿ?”

“ಬೇರೆ ತರ್ತೀನಿ ಕಣಮ್ಮ. ಅಲ್ಲೀವರೆಗೆ ಸಕ್ಕರೆ ನೀರಿನ ಡ್ರಿಪ್ ಇದೆ, ಹೆದರ್ಬೇಡ,” ಎನ್ನುತ್ತಾ ಅಕ್ಕ ಮೆಟ್ಟಿಲಿಳಿಯುತ್ತಾರೆ.

ವೈದ್ಯರು ಅಳತೆ ತಗ್ಗಿಸುತ್ತಾರೆ. ಹೊಸ ಚೀಲ ಬರುತ್ತದೆ. ಅಕ್ಕ ರಟ್ಟು ಹಿಡಿದು ಅಲ್ಲೇ ನಿಲ್ಲುತ್ತಾರೆ, ಚೀಲ ಬೆಚ್ಚಗಾಗುವವರೆಗೂ. ಏನೂ ಇಳಿಯುವುದಿಲ್ಲ. ನರ್ಸ್ ಕೊಳವೆ ಜೋಡಿಸುತ್ತಾಳೆ.

ನಿಮ್ಮ ಆಸೆ ಏನೆಂದು ಕೇಳಿದರೆ ಚೀಲದಿಂದ ಕಣ್ಣು ಕೀಳದೆ ಹೇಳುತ್ತಾರೆ: “ಇಷ್ಟು ವರ್ಷ ಬಂದು ಹೋದ್ರೂ ಒಂದು ಕೂಸಿನ ಮುಖಾನೂ ನೆಟ್ಟಗೆ ನೋಡಿಲ್ಲ. ಒಂದಿನ ಈ ರಟ್ಟು ಕೆಳಗೇ ಬಿಟ್ಟು, ಬರೀ ಮುಖ ನೋಡೋಕೆ ಬರ್ಬೇಕು.”